ಪಶ್ಚಾತ್ತಾಪಪಟ್ಟ ಚಕ್ರವರ್ತಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬೀ ಊರುಗಳಿಂದ ನಮ್ಮ ಶಾಲೆಗೆ ಬರುವ ಹುಡುಗಿಯರಿಗೆ ಕಲ್ಲೆಂಬುದು ಹೊಸ ಪದಾರ್ಥವಲ್ಲ. ಮನೆಯ ನೆಲಕ್ಕೆ ಹಾಸಿದ್ದು ಕಲ್ಲು, ಹೊಲದ ಬದುವಿಗೆ ನೆಟ್ಟದ್ದು ಕಲ್ಲು; ಅವರ ತಂದೆ ಅಣ್ಣಂದಿರಲ್ಲಿ ಅನೇಕರು ಅನ್ನವನ್ನು ಸಂಪಾದಿಸುವುದೂ ಕಲ್ಲಿನ ಗಣಿಯಲ್ಲಿ ಇಲ್ಲವೆ ಸಿಮೆಂಟಿನ ಕಾರಖಾನೆಯಲ್ಲಿ. ಆದರೂ ಇದೇ ಸೀಮೆಯ ಒಂದು ಕಲ್ಲು, ಅರಸರಲ್ಲಿ ಬಹು ವಿರಳವಾಗಿ ಕಂಡುಬರುವ ಒಂದು ಗುಣಕ್ಕೆ ಸಾಕ್ಷಿಯಾಗಿರುವುದೆಂಬುದನ್ನು ಅವರಲ್ಲಿ ಕೆಲವರೇ ಬಲ್ಲರು. ತಾನು ಗೆದ್ದ ಯುದ್ಧಕ್ಕಾಗಿ ದುಃಖಪಟ್ಟು, ಗೆಲ್ಲಲ್ಪಟ್ಟವರೊಡನೆ ಸಮಾಧಾನವನ್ನು ಹುಡುಕಿದ ಅಶೋಕ ಚಕ್ರವರ್ತಿಯ ಚರಿತ್ರೆಯನ್ನು ಆ ಕಲ್ಲಿನ ನೆಪದಿಂದ ಇಲ್ಲಿ ಬರೆಯುತ್ತೇನೆ.

ಅಶೋಕನು ಮೌರ್ಯ ವಂಶದ ಚಂದ್ರಗುಪ್ತನ ಮೊಮ್ಮಗನು, ಬಿಂದುಸಾರನ ಮಗನು. ಪಾಟಲಿಪುತ್ರವು ಅವನ ರಾಜಧಾನಿ. ಕ್ರಿ.ಪೂ. 268ರ ಸುಮಾರಿಗೆ ಅವನಿಗೆ ಪಟ್ಟಾಭಿಷೇಕವಾಯಿತೆಂದು ವಿದ್ವಾಂಸರು ಎಣಿಸುತ್ತಾರೆ. ಅವನು ಮೊದಲು ಮಹಾಕ್ರೂರಿಯಾಗಿದ್ದನೆಂದೂ ಸಿಂಹಾಸನಕ್ಕಾಗಿ ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಲ್ಲಿಸಿದನೆಂದೂ ಬೌದ್ಧ ಗ್ರಂಥಗಳಲ್ಲಿ ಕಥೆಗಳುಂಟು. ಇವುಗಳನ್ನು ಹುಡುಗಿಯರು ಪರೀಕ್ಷೆಯ ಉತ್ತರದಲ್ಲಿ ಬಹು ಉತ್ಸಾಹದಿಂದ ಬರೆಯುತ್ತಾರೆ. ನಾನಾದರೋ ಇವುಗಳನ್ನು ಅಷ್ಟಾಗಿ ನಂಬುವವಳಲ್ಲ. ಪಟ್ಟವಾಗಿ ಹದಿಮೂರು ವರ್ಷಗಳಾದ ಮೇಲೆಯೂ ಅವನು ತನ್ನ ಸೋದರ ಸೋದರಿಯರ ಮನೆವಾರ್ತೆಗಳನ್ನು ಕುರಿತು ಶಾಸನದಲ್ಲಿ ಹೇಳಿಸಿರುವನು. ಮುಂದಿನ ಬೆಳಕು ಹೆಚ್ಚಾಗಿ ತೋರಲೆಂದು ಹಿಂದಿನ ಕತ್ತಲೆಗೆ ಕಾಡಿಗೆ ಬಳಿದ ಕಥೆಗಾರರ ಕೆಲಸವಿದೆಂದು ನನಗೆ ತೋರುತ್ತದೆ. ಅವನ ನಿಜವಾದ ಪಾಪವನ್ನು ತಿಳಿಯಲು ಕಥೆಗಳು ಬೇಕಿಲ್ಲ. ಅದನ್ನು ಅವನೇ ಬಂಡೆಯ ಮೇಲೆ ಕೆತ್ತಿಸಿದ್ದಾನೆ.

ಪಟ್ಟಕ್ಕೆ ಬಂದ ಎಂಟನೆಯ ವರ್ಷದಲ್ಲಿ ಅವನು ಪೂರ್ವ ಸಮುದ್ರದ ಕಡೆಯ ಕಳಿಂಗ ದೇಶದ ಮೇಲೆ ದಂಡೆತ್ತಿಹೋದನು. ಇಂದಿನ ಒಡಿಶಾ ಪ್ರಾಂತವೇ ಬಹುಮಟ್ಟಿಗೆ ಆಗಿನ ಕಳಿಂಗವು. ದೇಶವು ಅವನ ಕೈಸೇರಿತು. ಆ ಯುದ್ಧದಲ್ಲಿ 1,50,000 ಮಂದಿ ಸೆರೆಯಾಗಿ ಒಯ್ಯಲ್ಪಟ್ಟರೆಂದೂ, 1,00,000 ಮಂದಿ ಹತರಾದರೆಂದೂ, ಅದಕ್ಕೆ ಅನೇಕಪಾಲು ಜನರು ಬೇರೆ ವಿಧದಿಂದ ಸತ್ತರೆಂದೂ ಅವನ ಹದಿಮೂರನೆಯ ಬಂಡೆ ಶಾಸನವು ತಿಳಿಸುತ್ತದೆ. ಅರಸರು ಶತ್ರುವಿನ ಹೆಣಗಳನ್ನು ಎಣಿಸುವುದು ತಮ್ಮ ಪೌರುಷವನ್ನು ತೋರಿಸುವುದಕ್ಕಾಗಿಯೇ. ಈ ಅರಸನು ಎಣಿಸಿದ್ದು ದುಃಖಕ್ಕಾಗಿ. ಸತ್ತವರನ್ನು ಮಾತ್ರವೇ ಅವನು ನೆನೆಯಲಿಲ್ಲ. ತಮಗೆ ಯಾವ ಗಾಯವೂ ತಗಲದಿದ್ದರೂ ನೆಂಟರಿಗೂ ಸ್ನೇಹಿತರಿಗೂ ಒಡನಾಡಿಗಳಿಗೂ ಒದಗಿದ ಕೇಡನ್ನು ಕಂಡು ನೊಂದವರನ್ನೂ ನೆನೆದನು. ಆಗ ಅಳಿದವರಲ್ಲಿ ನೂರರಲ್ಲೊಂದು ಪಾಲು, ಸಾವಿರದಲ್ಲೊಂದು ಪಾಲು ಜನಕ್ಕೆ ಈಗ ಅಂಥ ಕೇಡು ಬಂದರೂ ಅದು ತನ್ನ ಮನಸ್ಸಿಗೆ ಭಾರವಾಗುವುದೆಂದು ಕೆತ್ತಿಸಿದನು. ತನಗೆ ಅಪರಾಧ ಮಾಡಿದವನನ್ನೂ ಸಾಧ್ಯವಾದಷ್ಟು ಕ್ಷಮಿಸತಕ್ಕದ್ದೆಂದನು. ಆದರೆ ಅದೇ ಶಾಸನದಲ್ಲಿ, ಪಶ್ಚಾತ್ತಾಪಪಟ್ಟರೂ ತನಗೆ ಬಲವುಂಟೆಂಬುದನ್ನು ಮರೆಯಬಾರದೆಂದು ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟನು. ಪಾಠಪುಸ್ತಕಗಳು ಈ ಮಾತನ್ನು ಬಿಟ್ಟುಬಿಡುವುದು ವಾಡಿಕೆ. ಬಿಡಬಾರದು.

ಅವನ ಮನಸ್ಸು ರಣರಂಗದಲ್ಲಿ ಒಂದೇ ಗಳಿಗೆಯಲ್ಲಿ ತಿರುಗಿತೆಂದು ತಿಳಿಯುವುದೂ ಸರಿಯಲ್ಲ. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನೊಬ್ಬನು ಕಂಡುಹಿಡಿದ ಶಾಸನವೊಂದಿದೆ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಸ್ವಂತ ಹೆಸರು ಮೊಟ್ಟಮೊದಲು ಕಂಡುಬಂದದ್ದು ಅದರಲ್ಲಿಯೇ. ಈ ಬಗೆಯ ಶಾಸನಗಳಲ್ಲಿ, ತಾನು ಬುದ್ಧನ ಉಪಾಸಕನಾಗಿ ಎರಡು ವರ್ಷಗಳು ಮೀರಿದುವೆಂದೂ, ಮೊದಲು ತನ್ನಲ್ಲಿ ಅಷ್ಟು ಶ್ರದ್ಧೆಯಿರಲಿಲ್ಲವೆಂದೂ, ಸಂಘದ ಬಳಿಗೆ ಹೋದ ಮೇಲೆಯೇ ಪ್ರಯತ್ನವು ಹೆಚ್ಚಿತೆಂದೂ ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಮೆಲ್ಲಮೆಲ್ಲನೆ ಸುಧಾರಿಸುವ ವಿದ್ಯಾರ್ಥಿನಿಯರನ್ನು ಇಪ್ಪತ್ತು ವರ್ಷ ನೋಡಿರುವ ನನಗೆ ಈ ಒಪ್ಪಿಗೆಯು ಬಹಳ ಹಿತವಾಗಿದೆ.

ಆಮೇಲೆ ಅವನು ನಡಿಸಿದ ಕೆಲಸಗಳನ್ನು ಎಲ್ಲರೂ ಬಲ್ಲರು: ದಾರಿಗಳಲ್ಲಿ ಬಾವಿಗಳು, ನೆರಳಿಗೆ ಆಲದ ಮರಗಳು, ಮನುಷ್ಯರಿಗೂ ಪಶುಗಳಿಗೂ ಔಷಧೋಪಚಾರ. ಅರಮನೆಯ ಅಡಿಗೆಗೆ ದಿನವೂ ಅಸಂಖ್ಯ ಪ್ರಾಣಿಗಳನ್ನು ಕೊಲ್ಲುತ್ತಿದ್ದುದು ಎರಡು ನವಿಲು, ಒಂದು ಜಿಂಕೆಗಿಳಿಯಿತು. ಆ ಜಿಂಕೆಯೂ ದಿನದಿನವೂ ಅಲ್ಲ. ಇವನ್ನೂ ಮುಂದೆ ಬಿಡುವೆನೆಂದನು. ನವಿಲನ್ನು ಒಮ್ಮೆಗೇ ಬಿಡಲಾರದೆ ಹೋದ ಈ ಪ್ರಾಮಾಣಿಕತೆಯನ್ನು ಓದಿ ನಮ್ಮ ಹುಡುಗಿಯರು ನಕ್ಕರು. ಅವನ ಮಕ್ಕಳಾದ ಮಹೇಂದ್ರನೂ ಸಂಘಮಿತ್ರೆಯೂ ಧರ್ಮವನ್ನು ಸಿಂಹಳಕ್ಕೆ ಒಯ್ದರೆಂದು ಆ ದ್ವೀಪದ ಪುರಾತನ ಚರಿತ್ರೆಗಳು ಹೇಳುತ್ತವೆ.

ಈಗ ನಮ್ಮ ಕಲ್ಲಿಗೆ ಬರೋಣ. ಚಿತ್ತಾಪುರ ತಾಲೂಕಿನಲ್ಲಿ ಭೀಮಾ ನದಿಯ ದಡದ ಮೇಲೆ ಸನ್ನತಿ ಎಂಬ ಗ್ರಾಮವಿದೆ. ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿಯು 1986ರಲ್ಲಿ ಕುಸಿದುಬಿದ್ದು, ವಿಗ್ರಹವು ಭಗ್ನವಾಯಿತು. ಅವಶೇಷಗಳನ್ನು ತೆಗೆದು ನೋಡಲಾಗಿ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡು ಮೈಗಳ ಮೇಲೆಯೂ ಬ್ರಾಹ್ಮೀ ಅಕ್ಷರಗಳು ಕಂಡುಬಂದುವು. ವಿಗ್ರಹವನ್ನು ನಿಲ್ಲಿಸುವುದಕ್ಕೆಂದು ಯಾವ ಕಾಲದಲ್ಲಿಯೋ ಯಾರೋ ಬರಹದ ನಡುವೆಯೇ ಗೂಡು ಕಡಿದಿದ್ದರು. ಆ ಬರಹವು ಅಶೋಕನದೇ. ಒಂದು ಮೈಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು. ಇನ್ನೊಂದರಲ್ಲಿ, ಅದುವರೆಗೆ ಕಳಿಂಗದ ಧೌಲಿ, ಜೌಗಡಗಳ ಹೊರತು ಬೇರೆಲ್ಲಿಯೂ ಕಾಣದಿದ್ದ ಎರಡು ಪ್ರತ್ಯೇಕ ಶಾಸನಗಳು.

ಈ ಎರಡು ಶಾಸನಗಳ ವಿಶೇಷವೇನೆಂದರೆ, ಯುದ್ಧದ ಲೆಕ್ಕವನ್ನು ಹೇಳುವ ಹದಿಮೂರನೆಯ ಶಾಸನವನ್ನು ಅಶೋಕನು ಕಳಿಂಗದಲ್ಲಿ ಕೆತ್ತಿಸಲೇ ಇಲ್ಲ. ತನ್ನ ಸೈನ್ಯದಿಂದ ಅನಾಥರಾದವರ ಕಣ್ಣೆದುರಿಗೆ ಆ ಅಂಕಿಗಳನ್ನು ನಿಲ್ಲಿಸಲಿಲ್ಲ. ಅದರ ಸ್ಥಾನದಲ್ಲಿ ಈ ಎರಡನ್ನು ಬರೆಯಿಸಿದನು. ಮೊದಲನೆಯದು ಅಧಿಕಾರಿಗಳಿಗೆ. ಎಲ್ಲಾ ಮನುಷ್ಯರೂ ತನಗೆ ಮಕ್ಕಳೇ. ಯಾರನ್ನೂ ನಿಷ್ಕಾರಣವಾಗಿ ಸೆರೆಯಲ್ಲಿಡಬಾರದು, ಹಿಂಸಿಸಬಾರದು. ಅಸೂಯೆ, ಕೋಪ, ನಿಷ್ಠುರತೆ, ಆತುರ, ಆಲಸ್ಯ, ದಣಿವು ಇವುಗಳಿಗೆ ಒಳಗಾಗಿ ನ್ಯಾಯವನ್ನು ಕೆಡಿಸಬಾರದು ಎಂಬುದೇ ಅದರ ಸಾರ. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಓದಿ ಕೇಳಿಸತಕ್ಕದ್ದು, ಕೇಳುವವನು ಒಬ್ಬನೇ ಆಗಿದ್ದರೂ ಓದತಕ್ಕದ್ದು ಎಂಬ ಅಪ್ಪಣೆಯೂ ಇದೆ. ಎರಡನೆಯದು ಇನ್ನೂ ಜಯಿಸಲ್ಪಡದ ಗಡಿಯ ಜನರನ್ನು ಕುರಿತದ್ದು: ಅವರು ತನ್ನ ವಿಷಯದಲ್ಲಿ ಭಯಪಡಬಾರದು, ತನ್ನಿಂದ ಅವರಿಗೆ ದುಃಖವಲ್ಲ, ಸುಖವೇ ಬರುವುದೆಂದು ನಂಬಿಕೆ ಹುಟ್ಟಬೇಕು ಎಂಬುದಾಗಿ. ಕಳಿಂಗಕ್ಕಾಗಿ ಬರೆದ ಈ ಮಾತುಗಳು ನಮ್ಮ ಭೀಮಾ ತೀರಕ್ಕೆ ಏಕೆ ಬಂದುವು? ಇಲ್ಲಿಯೂ ಭಯಪಟ್ಟ ಜನರಿದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಒಮ್ಮೆ ಚಳಿಗಾಲದಲ್ಲಿ ಮೇಲಿನ ತರಗತಿಯವರನ್ನು ಕರೆದುಕೊಂಡು ವಾಡಿಯಿಂದ ರೈಲಿನಲ್ಲಿ ನಾಲವಾರಕ್ಕೂ ಅಲ್ಲಿಂದ ಬಸ್ಸಿನಲ್ಲಿ ಸನ್ನತಿಗೂ ಹೋಗಿದ್ದೆನು. ನಾನು ಈ ಸಂಗತಿಗಳನ್ನು ವಿವರಿಸುತ್ತಿರುವಾಗ, ತರಗತಿಯಲ್ಲಿ ಬಾಯಿಬಿಡದ ಹುಡುಗಿಯೊಬ್ಬಳು, ಅವನು ಕಳಿಂಗವನ್ನು ಹಿಂದಕ್ಕೆ ಕೊಟ್ಟನೋ ಎಂದು ಕೇಳಿದಳು. ಕೊಡಲಿಲ್ಲ. ಒಯ್ದ ಒಂದೂವರೆ ಲಕ್ಷ ಜನರನ್ನು ಮನೆಗೆ ಕಳುಹಿಸಿದನೆಂದೂ ಯಾವ ಶಾಸನದಲ್ಲಿಯೂ ಇಲ್ಲ. ಹಾಗಾದರೆ ಅದೆಂಥ ಪಶ್ಚಾತ್ತಾಪವೆಂದಳು. ಕೊಟ್ಟುಬಿಟ್ಟಿದ್ದರೆ ಮತ್ತೊಬ್ಬ ಅರಸನು ಅದನ್ನು ಕತ್ತಿಯಿಂದಲೇ ಹಿಡಿಯುತ್ತಿದ್ದನು, ಇವನಾದರೋ ಅಲ್ಲಿಯ ಸೆರೆಮನೆಗಳಲ್ಲಿ ನ್ಯಾಯವಿರುವಂತೆ ನೋಡಿಕೊಂಡನು ಎಂದು ನಾನು ಉತ್ತರಕೊಟ್ಟೆನು. ಅವಳಿಗೆ ಅದು ಸಾಕಾಗಲಿಲ್ಲವೆಂಬುದು ಮುಖದಿಂದಲೇ ತಿಳಿಯಿತು. ಹೇಳಬೇಕಾದರೆ, ನನಗೂ ಪೂರ್ತಿ ಸಾಕಾಗಿರಲಿಲ್ಲ.

ಕಳಿಂಗದವರೂ ಮರೆತಂತೆ ಕಾಣುವುದಿಲ್ಲ. ಅಶೋಕನು ಕ್ರಿ.ಪೂ. 232ರ ಸುಮಾರಿಗೆ ತೀರಿಕೊಂಡನು. ಅವನ ವಂಶವು ಅಳಿದ ತರುವಾಯ ಕಳಿಂಗದಲ್ಲಿ ಖಾರವೇಲನೆಂಬ ಅರಸನು ಪ್ರಬಲನಾಗಿ, ಮಗಧದ ಮೇಲೆ ದಂಡೆತ್ತಿ ಅಲ್ಲಿಯ ದೊರೆಯನ್ನು ಪಾದಕ್ಕೆ ಬಗ್ಗಿಸಿ, ಪೂರ್ವದಲ್ಲಿ ನಂದರಾಜನು ಒಯ್ದಿದ್ದ ಜಿನಮೂರ್ತಿಯನ್ನು ಮರಳಿ ತಂದನೆಂದು ಉದಯಗಿರಿಯ ಹಾಥಿಗುಂಫಾ ಶಾಸನದಲ್ಲಿದೆ. ಅದರಲ್ಲಿ ಅಶೋಕನ ಹೆಸರಿಲ್ಲ.

ಧೌಲಿಯ ಬಂಡೆಯ ತಲೆಯ ಮೇಲೆ ಆನೆಯೊಂದನ್ನು ಅರ್ಧ ಕಡಿದಿದ್ದಾರೆ, ಕಲ್ಲಿನೊಳಗಿಂದ ಹೊರಗೆ ಬರುತ್ತಿರುವಂತೆ. ಹತ್ತಿರ ಹರಿಯುವ ಹೊಳೆಗೆ ದಯಾ ಎಂದು ಹೆಸರು; ನಮ್ಮ ಭಾಷೆಯಲ್ಲಿಯೂ ಅದಕ್ಕೆ ಅದೇ ಅರ್ಥ. ಆ ಗುಡ್ಡದ ಮೇಲೆ 1972ರಲ್ಲಿ ಜಪಾನಿನ ಬೌದ್ಧರೂ ಕಳಿಂಗ ನಿಪ್ಪೊನ್ ಬುದ್ಧ ಸಂಘದವರೂ ಕೂಡಿ ಬಿಳಿಯ ಶಾಂತಿ ಸ್ತೂಪವನ್ನು ಕಟ್ಟಿದರು. 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಜಪಾನೀ ಸೈನಿಕರೂ ಬ್ರಿಟಿಷ್ ಇಂಡಿಯಾದ ಸೈನಿಕರೂ ಒಬ್ಬರನ್ನೊಬ್ಬರು ಕೊಂದು ಆಗ ಇಪ್ಪತ್ತೆಂಟು ವರ್ಷಗಳಾಗಿದ್ದುವು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ರಣಭೂಮಿಯೇ ಆ ಕೈಗಳಿಗೆ ಕೂಡುವ ಸ್ಥಳವಾಯಿತು.

ಸನ್ನತಿಯಿಂದ ಸ್ವಲ್ಪ ದೂರದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ದೊಡ್ಡ ಸ್ತೂಪವೊಂದು ಹೊರಬಿದ್ದಿತು. ಅದರ ಚಪ್ಪಡಿಗಳು ಈ ಸೀಮೆಯ ಸುಣ್ಣಕಲ್ಲಿನವೇ. ಒಂದರ ಮೇಲೆ ರಾಜನೂ ರಾಣಿಯೂ ನಿಂತಿದ್ದಾರೆ; ಪರಿವಾರದ ಹೆಂಗಸರು ಛತ್ರಚಾಮರಗಳನ್ನು ಹಿಡಿದಿದ್ದಾರೆ. ರಾಯ ಅಸೋಕೊ ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದಿದೆ. ಅವನು ಸತ್ತು ಎಷ್ಟೋ ತಲೆಮಾರುಗಳಾದ ಮೇಲೆ, ಶಾತವಾಹನರ ಕಾಲದ ಶಿಲ್ಪಿಯು ಕಲ್ಪಿಸಿಕೊಂಡು ಮಾಡಿದ್ದು ಅದು. ಹುಡುಗಿಯರಿಗೆ ಬ್ರಾಹ್ಮಿಯ ಆ ಐದು ಅಕ್ಷರಗಳನ್ನು ನೋಟುಪುಸ್ತಕದಲ್ಲಿ ಬರೆದು ತೋರಿಸಿದೆನು. ಪ್ರಶ್ನೆ ಕೇಳಿದವಳು ಮೊದಲು ಬರೆದುಕೊಳ್ಳಲಿಲ್ಲ. ನಾಲವಾರದ ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿರುವಾಗ ಪಕ್ಕದವಳ ಪುಸ್ತಕವನ್ನು ಕೇಳಿ ತೆಗೆದುಕೊಂಡು ಅಕ್ಷರಗಳನ್ನು ನಕಲು ಮಾಡಿ, ಕೆಳಗೆ ತನ್ನ ಪ್ರಶ್ನೆಯನ್ನೂ ಬರೆದಿಟ್ಟಳು.