ಬೆಳಕನ್ನು ಬಲ್ಲವರು: ಸುಬ್ರತ ಮಿತ್ರ

ಸಿನಿಮಾ ನೋಡಿ ಬಂದವರು ನಾಯಕ ನಟನ ಹೆಸರು ಹೇಳುತ್ತಾರೆ, ಹಾಡು ಗುನುಗುತ್ತಾರೆ. ಕ್ಯಾಮೆರಾದ ಹಿಂದೆ ನಿಂತವರ ಹೆಸರನ್ನು ಕೇಳುವವರು ಅಪರೂಪ. ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರಿಗೆ ಫಾಲ್ಕೆ ಪ್ರಶಸ್ತಿ ಬಂದಾಗಲೇ ಅನೇಕರಿಗೆ ಛಾಯಾಗ್ರಾಹಕನೆಂಬ ಒಬ್ಬನಿದ್ದಾನೆ ಎಂದು ಗೊತ್ತಾದದ್ದು. ಮೂರ್ತಿಯವರು ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದಿದ್ದ ಕಾಲದಲ್ಲಿಯೇ ಕಲ್ಕತ್ತೆಯಲ್ಲಿ ಇನ್ನೊಬ್ಬರಿದ್ದರು. ಅವರೇ ಸುಬ್ರತ ಮಿತ್ರ.

ಹುಟ್ಟಿದ್ದು 1930ರ ಅಕ್ಟೋಬರ್ 12ರಂದು. ಶಾಲೆಯಲ್ಲಿದ್ದಾಗಲೇ ಇಂಗ್ಲಿಷ್ ಸಿನಿಮಾಗಳ ಹುಚ್ಚು. ಕಥೆಗಿಂತ ಹೆಚ್ಚಾಗಿ, ಬೆಳಕು ಎಲ್ಲಿಂದ ಬಿತ್ತು, ನೆರಳು ಹೇಗೆ ಹರಡಿತು ಎಂಬುದನ್ನೇ ನೋಡುತ್ತಿದ್ದರು. ವಿಜ್ಞಾನ ಓದುತ್ತಿದ್ದಾಗ ಮನಸ್ಸಿನಲ್ಲಿ ಎರಡೇ ದಾರಿ: ಕಟ್ಟಡ ಶಿಲ್ಪಿಯಾಗುವುದು, ಇಲ್ಲವೇ ಛಾಯಾಗ್ರಾಹಕನಾಗುವುದು. ಕ್ಯಾಮೆರಾ ಸಹಾಯಕನ ಕೆಲಸ ಕೇಳಿಕೊಂಡು ಅಲೆದರೂ ಯಾರೂ ಸೇರಿಸಿಕೊಳ್ಳಲಿಲ್ಲ.

1950ರ ಸುಮಾರಿಗೆ ಫ್ರಾನ್ಸಿನ ಹೆಸರಾಂತ ನಿರ್ದೇಶಕ ಜಾನ್ ರೆನ್ವಾರ್ ‘ದಿ ರಿವರ್’ ಚಿತ್ರ ತೆಗೆಯಲು ಬಂಗಾಳಕ್ಕೆ ಬಂದರು. ಸುಬ್ರತ ಅಲ್ಲಿಗೂ ಹೋದರು. ಅಲ್ಲಿಯೂ ಕೆಲಸ ಸಿಗಲಿಲ್ಲ. ಕೊನೆಗೆ ತಂದೆಯೇ ಮಗನನ್ನು ಕರೆದುಕೊಂಡು ಹೋಗಿ ರೆನ್ವಾರ್ ಅವರಲ್ಲಿ ವಿನಂತಿಸಿಕೊಂಡ ಮೇಲೆ, ದೂರ ನಿಂತು ನೋಡಲು ಅಪ್ಪಣೆ ಸಿಕ್ಕಿತು. (ಮಗ ಸಿನಿಮಾ ಸೇರುತ್ತೇನೆಂದರೆ ಬೆತ್ತ ಹಿಡಿಯುವ ತಂದೆಯರೇ ಹೆಚ್ಚಾಗಿದ್ದ ಕಾಲವದು!) ಹುಡುಗ ಸುಮ್ಮನೆ ನಿಲ್ಲಲಿಲ್ಲ. ಯಾವ ಲೈಟು ಎಲ್ಲಿತ್ತು, ಕ್ಯಾಮೆರಾ ಎಲ್ಲಿತ್ತು, ನಟರು ಎಲ್ಲಿಂದ ಎಲ್ಲಿಗೆ ನಡೆದರು ಎಂಬುದನ್ನೆಲ್ಲ ನಕ್ಷೆ ಬರೆದು ಗುರುತು ಹಾಕಿಕೊಳ್ಳುತ್ತಿದ್ದರು. ಒಂದು ದಿನ ಛಾಯಾಗ್ರಾಹಕ ಕ್ಲಾಡ್ ರೆನ್ವಾರ್ ಅವರೇ, ಹಿಂದಿನ ದೃಶ್ಯದ ಬೆಳಕಿಗೆ ಹೊಂದಿಸಿಕೊಳ್ಳಲು, ಈ ಹುಡುಗನ ಟಿಪ್ಪಣಿ ಪುಸ್ತಕ ಕೇಳಿ ಪಡೆದರು. ಕೆಲಸ ಸಿಗದ ಹುಡುಗನ ಪುಸ್ತಕ ಕೆಲಸಕ್ಕೆ ಬಂತು.

ಅಲ್ಲಿಗೆ ಆಗಾಗ ಬರುತ್ತಿದ್ದ ಜಾಹೀರಾತು ಕಂಪನಿಯ ಚಿತ್ರಕಾರರೊಬ್ಬರ ಪರಿಚಯವಾಯಿತು. ಅವರೇ ಸತ್ಯಜಿತ್ ರಾಯ್. ‘ಪಥೇರ್ ಪಾಂಚಾಲಿ’ ತೆಗೆಯಲು ಹೊರಟಾಗ ರಾಯ್ ಈ ಇಪ್ಪತ್ತೊಂದರ ಹರೆಯದವರನ್ನೇ ಛಾಯಾಗ್ರಾಹಕರನ್ನಾಗಿ ಆರಿಸಿದರು. ಸುಬ್ರತರ ಕೈಗೆ ಪಳಗಿದ್ದು ಸ್ಟಿಲ್ ಕ್ಯಾಮೆರಾ ಮಾತ್ರ; ಮೂವಿ ಕ್ಯಾಮೆರಾ ನಡೆಸಿಯೇ ಇರಲಿಲ್ಲ. ಆದರೆ ಸ್ಥಿರಚಿತ್ರ ತೆಗೆಯುವವನಿಗೆ ಒಂದು ಗುಣ ತಾನಾಗಿ ಬರುತ್ತದೆ. ಇರುವ ಬೆಳಕಿನಲ್ಲಿಯೇ ಮುಖವನ್ನು ಓದುವುದು ಅವನಿಗೆ ಅಭ್ಯಾಸವಾಗುತ್ತದೆ. ಫ್ರಾನ್ಸಿನ ಕಾರ್ತಿಯೇ ಬ್ರೆಸಾನ್ ಸಹಜ ಬೆಳಕಿನಲ್ಲಿ ತೆಗೆದ ಸ್ಥಿರಚಿತ್ರಗಳು ರಾಯ್ ಅವರಿಗೆ ಬಹು ಮೆಚ್ಚುಗೆಯಾಗಿದ್ದವು. ಅಂಥ ಬೆಳಕನ್ನೇ ಸಿನಿಮಾಕ್ಕೆ ತರಬೇಕೆಂಬುದು ಗೆಳೆಯರ ಹಟ.

1952ರ ಅಕ್ಟೋಬರಿನಲ್ಲಿ ಬಿಳಿ ಹೂ ಬಿಟ್ಟ ಕಾಶ ಹುಲ್ಲಿನ ಬಯಲಿನಲ್ಲಿ ಚಿತ್ರೀಕರಣ ಆರಂಭ. ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು! ಆ ದೃಶ್ಯ ಮುಗಿಸಲು ಮತ್ತೆ ಹೂ ಬಿಡುವವರೆಗೆ ಕಾಯಬೇಕಾಯಿತು. ಹಣ ಮುಗಿದು ಎಷ್ಟೋ ಸಲ ಕೆಲಸ ನಿಂತಿತು. ಅಂತೂ 1955ರಲ್ಲಿ ಚಿತ್ರ ತೆರೆ ಕಂಡಿತು. ಮರುವರ್ಷ ಕಾನ್ ಉತ್ಸವದಲ್ಲಿ ಗೌರವ ಪಡೆಯಿತು.

ಸುಬ್ರತರ ನಿಜವಾದ ಸಾಧನೆ ಅದರ ಮುಂದಿನ ‘ಅಪರಾಜಿತೊ’ದಲ್ಲಿದೆ. ಕಾಶಿಯ ಮನೆಯೊಂದರ ಅಂಗಳದ ದೃಶ್ಯಗಳು ಅದರಲ್ಲಿವೆ. ನಮ್ಮ ಕಡೆಯ ತೊಟ್ಟಿ ಮನೆ ಕಂಡವರಿಗೆ ಆ ಬೆಳಕು ಗೊತ್ತು. ಬಿಸಿಲು ನೇರವಾಗಿ ಬೀಳುವುದಿಲ್ಲ. ಆಕಾಶದಿಂದ ಇಳಿದ ಬೆಳಕು ಗೋಡೆಗೆ ತಾಗಿ ಮೆತ್ತಗೆ ಹರಡುತ್ತದೆ, ನೆರಳು ಇದ್ದೂ ಇಲ್ಲದಂತೆ. ಮಳೆಯ ಭಯದಿಂದ ಆ ಅಂಗಳವನ್ನು ಸ್ಟುಡಿಯೋದಲ್ಲಿಯೇ ಕಟ್ಟಬೇಕೆಂದು ರಾಯ್ ಮತ್ತು ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ನಿರ್ಧರಿಸಿದರು. ಸ್ಟುಡಿಯೋ ಲೈಟಿನಲ್ಲಿ ಈ ಬೆಳಕು ಬರುವುದಿಲ್ಲವೆಂದು ಸುಬ್ರತ ವಾದಿಸಿದರು. ವಾದದಲ್ಲಿ ಸೋತರು. ಸೋತ ಮೇಲೆ ಮುನಿಸಿಕೊಂಡು ಕೂರದೆ ಒಂದು ಉಪಾಯ ಹುಡುಕಿದರು. ಸೆಟ್ಟಿನ ಮೇಲೆ ಚಪ್ಪರದಂತೆ ಬಿಳಿ ಬಟ್ಟೆ ಬಿಗಿದು ಕಟ್ಟಿಸಿ, ಲೈಟುಗಳನ್ನು ನಟರ ಮೇಲೆ ಬಿಡದೆ, ಕೆಳಗಿನಿಂದ ಆ ಬಟ್ಟೆಗೆ ಬಿಟ್ಟರು. ಬಟ್ಟೆಯಿಂದ ಮರಳಿ ಇಳಿದ ಬೆಳಕು ಥೇಟ್ ಕಾಶಿಯ ಆಕಾಶದ ಬೆಳಕು! ಅಲ್ಲಿಯವರೆಗೆ ಲೈಟನ್ನು ನೇರವಾಗಿ ಮುಖಕ್ಕೆ ಹೊಡೆಯುವುದೇ ವಾಡಿಕೆಯಾಗಿತ್ತು. ಹಿಂದಿನ ಗೋಡೆಯ ಮೇಲೆ ಒಬ್ಬನಿಗೆ ಮೂರು ನೆರಳು ಬೀಳುತ್ತಿದ್ದವು. ಈಗ ಮದುವೆ ಮನೆಗೆ ಬರುವ ಫೋಟೋಗ್ರಾಫರ್ ಕೂಡ ಬಿಳಿ ಕೊಡೆ ಬಿಚ್ಚಿ ಲೈಟನ್ನು ಅದಕ್ಕೆ ತಿರುಗಿಸುತ್ತಾನಲ್ಲ, ಆ ತತ್ವವೂ ಇದೇ.

ರಾಯ್ ಅವರೊಂದಿಗೆ ಮಾಡಿದ್ದು ಹತ್ತು ಚಿತ್ರಗಳು. ‘ಜಲಸಾಘರ್’, ‘ಕಾಂಚನಜಂಘಾ’, ‘ಚಾರುಲತಾ’ ಅವುಗಳಲ್ಲಿ ಸೇರಿವೆ. 1966ರ ‘ನಾಯಕ್’ ಕೊನೆಯದು. ಅದರ ರೈಲು ಡಬ್ಬಿಯೂ ಸೆಟ್ಟೇ ಎಂದರೆ ನಂಬುವುದು ಕಷ್ಟ. ಅಷ್ಟು ಹೊತ್ತಿಗೆ ರಾಯ್ ಕ್ಯಾಮೆರಾವನ್ನು ತಾವೇ ನಡೆಸತೊಡಗಿದ್ದರು. ಸುಬ್ರತರೋ ತಮಗೆ ಒಪ್ಪಿಗೆಯಾಗುವವರೆಗೆ ಬಿಡದವರು. ಇಬ್ಬರೂ ದೂರವಾದರು. ನಷ್ಟ ಇಬ್ಬರಿಗೂ ಆಯಿತೆಂದೇ ನನ್ನ ಭಾವನೆ, ಸುಬ್ರತರಿಗೆ ಸ್ವಲ್ಪ ಹೆಚ್ಚಾಗಿ.

ಅದೇ ವರ್ಷ ಬಂದ ಹಿಂದಿಯ ‘ತೀಸ್ರಿ ಕಸಮ್’ ಅವರದೇ ಛಾಯಾಗ್ರಹಣ. ಎತ್ತಿನ ಗಾಡಿ ಹೊಡೆಯುವವನ ಪಾತ್ರದಲ್ಲಿ ರಾಜ್ ಕಪೂರ್. ಗಾಡಿಯ ದಾರಿಯನ್ನು ಬಲ್ಲ ನಮ್ಮಂಥ ಹಳ್ಳಿಯವರು ಒಮ್ಮೆ ನೋಡಲೇಬೇಕಾದ ಚಿತ್ರ. ಜೇಮ್ಸ್ ಐವರಿ ಅವರ ನಾಲ್ಕು ಚಿತ್ರಗಳಿಗೂ ದುಡಿದರು. ಆಮೇಲೆ ಚಿತ್ರಗಳು ಕಡಿಮೆಯಾದವು. 1986ರ ‘ನ್ಯೂಡೆಲ್ಲಿ ಟೈಮ್ಸ್’ಗೆ ರಾಷ್ಟ್ರಪ್ರಶಸ್ತಿ ಬಂತು. ಪದ್ಮಶ್ರೀಯೂ ಸಂದಿತು. 1997ರಿಂದ ಕಲ್ಕತ್ತೆಯ ಸತ್ಯಜಿತ್ ರಾಯ್ ಚಲನಚಿತ್ರ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಹುಡುಗರಿಗೆ ಪಾಠ ಹೇಳಿದರು. 2001ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅವರು ಸಿತಾರ್ ನುಡಿಸುತ್ತಿದ್ದರು ಎಂಬುದು ಹೆಚ್ಚು ಜನರಿಗೆ ತಿಳಿಯದು. ‘ಪಥೇರ್ ಪಾಂಚಾಲಿ’ಗೆ ರವಿಶಂಕರ್ ಸಂಗೀತ ಕೊಟ್ಟು ಹೋದ ಮೇಲೆ ಒಂದು ಭಾಗ ಉಳಿದಿತ್ತು. ಮಿಠಾಯಿ ಮಾರುವವನು ಮುಂದೆ, ಮಕ್ಕಳಿಬ್ಬರು ಹಿಂದೆ, ಅವರ ಹಿಂದೊಂದು ನಾಯಿ, ಎಲ್ಲರ ನೆರಳು ಕೆರೆಯ ನೀರಿನಲ್ಲಿ. ಆ ದೃಶ್ಯಕ್ಕೆ ಕೇಳಿಬರುವ ಸಿತಾರ್ ಸುಬ್ರತ ಮಿತ್ರರದು.