ಬೇರುಗಂಟಿನ ಗುಟ್ಟು ಬಿಡಿಸಿದ ಬೈಯರಿಂಕ್

ಬೆಳ್ಳಿಹಬ್ಬದ ಸಂಚಿಕೆಯೆಂದರೆ ಸಹಕಾರಿ ಧುರೀಣರ ಜೀವನ ಬರೆಯುವುದು ವಾಡಿಕೆ. ನಾವು ಈ ಪುಟದಲ್ಲಿ ಸ್ವಲ್ಪ ದಾರಿ ಬದಲಿಸಿ, ದೂರದೇಶದಲ್ಲಿದ್ದುಕೊಂಡೇ ನಮ್ಮ ಹೊಲಗಳಿಗೆ ಉಪಕಾರ ಮಾಡಿದ ಒಬ್ಬ ಮಹನೀಯರನ್ನು ನೆನೆಯುತ್ತಿದ್ದೇವೆ. ಕಡಲೆಕಾಯಿ, ತೊಗರಿ ಬೀಜದ ಜೊತೆ ಸಂಘದ ಮಳಿಗೆಯಲ್ಲಿ ಕೊಡುವ ರೈಜೋಬಿಯಂ ಪೊಟ್ಟಣವನ್ನು ಸದಸ್ಯರೆಲ್ಲ ನೋಡಿದ್ದೀರಿ. ಆ ಕಪ್ಪು ಪುಡಿಯೊಳಗಿನ ಜೀವಿಯನ್ನು ಮೊದಲು ಬೇರ್ಪಡಿಸಿ ಬೆಳೆಸಿದವರು ಹಾಲೆಂಡಿನ ಮಾರ್ಟಿನಸ್ ವಿಲೆಮ್ ಬೈಯರಿಂಕ್.

ಇವರು ಹುಟ್ಟಿದ್ದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡ್ಯಾಂ ನಗರದಲ್ಲಿ. ತಂದೆಯದು ಹೊಗೆಸೊಪ್ಪಿನ ವ್ಯಾಪಾರ. ಅದು ದಿವಾಳಿಯೆದ್ದು ರೈಲ್ವೆಯಲ್ಲಿ ನೌಕರಿಗೆ ಸೇರಿದರು. ಮನೆಯಲ್ಲಿ ಬಡತನ. ಹನ್ನೆರಡು ವರ್ಷದವರೆಗೆ ಹುಡುಗನಿಗೆ ತಂದೆಯೇ ಮೇಷ್ಟ್ರು. ಮುಂದೆ ಡೆಲ್ಫ್ಟ್ ಪಾಲಿಟೆಕ್ನಿಕ್‌ನಲ್ಲಿ ಓದುವಾಗ, ಆಮೇಲೆ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದ ವಾಂಟ್ ಹಾಫ್ ಇವರ ಜೊತೆಗಾರ. ಇಬ್ಬರೂ ಬಾಡಿಗೆ ಕೋಣೆಯಲ್ಲೇ ಪ್ರಯೋಗ ಹೂಡುತ್ತಿದ್ದರಂತೆ. 1877ರಲ್ಲಿ ಗಿಡಗಳ ಮೇಲೇಳುವ ಗಂಟುಗಳ ಬಗ್ಗೆ ಬರೆದು ಡಾಕ್ಟರೇಟ್ ಪಡೆದರು. ಕೃಷಿ ಶಾಲೆಯಲ್ಲಿ ಪಾಠ ಹೇಳಿದರು. 1885ರಲ್ಲಿ ಡೆಲ್ಫ್ಟ್‌ನ ಯೀಸ್ಟ್ ಕಾರ್ಖಾನೆಗೆ ಸೇರಿದರು.

ಆ ಕಾಲಕ್ಕೆ ಒಂದು ದೊಡ್ಡ ಪ್ರಶ್ನೆ ಎದ್ದಿತ್ತು. ದ್ವಿದಳ ಧಾನ್ಯ ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತೆ ಅನ್ನೋದು ರೈತರಿಗೆ ಹಿಂದಿನಿಂದ ಗೊತ್ತು. ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಥ್, ಈ ಗಿಡಗಳು ಬೇರಿನ ಗಂಟುಗಳ ನೆರವಿನಿಂದ ಗಾಳಿಯ ಸಾರಜನಕ ಪಡೆಯುತ್ತವೆ ಎಂದು ತೋರಿಸಿದರು. ಗಂಟಿನೊಳಗೆ ಯಾರಿದ್ದಾರೆ? 1888ರಲ್ಲಿ ಬೈಯರಿಂಕ್ ಆ ಜೀವಿಯನ್ನು ಗಂಟಿನಿಂದ ಹೊರತೆಗೆದು, ಬೇರೆ ಸೂಕ್ಷ್ಮಜೀವಿ ಸೇರದಂತೆ ಬೆಳೆಸಿ ತೋರಿಸಿದರು. ಮರುವರ್ಷ ಅದಕ್ಕೆ ರೈಜೋಬಿಯಂ ಎಂಬ ಹೆಸರು ಬಂತು.

ಈ ಜೀವಿ ಬೇರಿಗೆ ಸೇರುವ ಬಗೆ ನಮ್ಮ ಸಹಕಾರ ತತ್ವಕ್ಕೆ ಹತ್ತಿರವಾಗಿದೆ. ಇದು ಬೈಯರಿಂಕ್ ನಂತರದವರು ಕಂಡುಕೊಂಡ ಸಂಗತಿ. ಬೇರು ಮಣ್ಣಿಗೆ ಸಿಹಿರಸವನ್ನೂ ಕೆಲವು ವಿಶೇಷ ರಾಸಾಯನಿಕಗಳನ್ನೂ ಒಸರುತ್ತದೆ. ಅದರ ಜಾಡು ಹಿಡಿದು ಬ್ಯಾಕ್ಟೀರಿಯಾಗಳು ತೇವದಲ್ಲಿ ಈಜಿ ಬಂದು ಬೇರಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಅಂಟಿನಂಥ ಲೋಳೆ ಸುರಿಸಿ, ಅದರೊಳಗೆ ಗುಂಪಾಗಿ ನೆಲೆಸುತ್ತವೆ. ಒಂಟಿ ಜೀವಿ ಒಣಗಿ ಸಾಯುವ ಕಡೆ, ಲೋಳೆಪೊರೆಯೊಳಗಿನ ಗುಂಪು ತಾಳಿಕೊಳ್ಳುತ್ತದೆ. ಬಟಾಣಿಯಲ್ಲಿ ಬೇರಿನ ರೋಮ ಸುರುಳಿಸುತ್ತಿಕೊಂಡು ಇವನ್ನು ಒಳಗೆ ಬಿಡುತ್ತದೆ; ಕಡಲೆಕಾಯಿಯಲ್ಲಾದರೆ ಕವಲುಬೇರು ಒಡೆದ ಬಿರುಕಿನಿಂದ ಪ್ರವೇಶ. ಒಳಗೆ ಗಂಟು ಕಟ್ಟಿದ ಮೇಲೆ ಗಿಡ ಸಕ್ಕರೆ ಕೊಡುತ್ತದೆ, ಇವು ಸಾರಜನಕ ಕೊಡುತ್ತವೆ. ಎರಡೂ ಕಡೆ ಲಾಭ.

1895ರಲ್ಲಿ ಬೈಯರಿಂಕ್ ಡೆಲ್ಫ್ಟ್‌ನಲ್ಲೇ ಪ್ರಾಧ್ಯಾಪಕರಾದರು. ತಂದೆಯನ್ನು ಮುಳುಗಿಸಿದ ಹೊಗೆಸೊಪ್ಪೇ ಮಗನಿಗೆ ಕೀರ್ತಿ ತಂತು. 1898ರಲ್ಲಿ, ಅದರ ಎಲೆಗೆ ಬರುವ ಮಚ್ಚೆ ರೋಗಕ್ಕೆ ಬ್ಯಾಕ್ಟೀರಿಯಾಕ್ಕಿಂತ ಬೇರೆಯಾದ ಸೋಂಕು ಕಾರಣವೆಂದು ಹೇಳಿ ಅದನ್ನು ವೈರಸ್ ಎಂದು ಕರೆದರು. 1901ರಲ್ಲಿ ಸಾರಜನಕವಿಲ್ಲದ ಸಿಹಿದ್ರಾವಣಕ್ಕೆ ತೋಟದ ಮಣ್ಣು ಹಾಕಿಟ್ಟು, ಗಾಳಿಯಿಂದಲೇ ಸಾರಜನಕ ಹಿಡಿಯಬಲ್ಲ ಅಜೋಟೊಬ್ಯಾಕ್ಟರ್ ಅನ್ನು ಆರಿಸಿದರು. ಇದಕ್ಕೆ ಬೇರುಗಂಟು ಬೇಕಿಲ್ಲ.

ಸ್ವಭಾವ ಮಾತ್ರ ಕಠಿಣ. ವಿದ್ಯಾರ್ಥಿಗಳು ಹೆದರುತ್ತಿದ್ದರು. ಮದುವೆಯಾಗಲಿಲ್ಲ, ಸೋದರಿಯರ ಜೊತೆಯಲ್ಲೇ ಬಾಳಿದರು. ಜೀವಿಗಳ ಕೂಡುಬಾಳನ್ನು ಅರಸಿದವರು ತಾವು ಜನರಿಂದ ದೂರವೇ ಉಳಿದರು. 1921ರಲ್ಲಿ ನಿವೃತ್ತರಾಗಿ ಖೋರ್ಸೆಲ್ ಎಂಬ ಹಳ್ಳಿ ಸೇರಿದರು. 1931ರ ಜನವರಿ 1ರಂದು ತೀರಿಕೊಂಡರು.

ಈಗ ನಮ್ಮ ಮಾತಿಗೆ ಬರೋಣ. ಪೊಟ್ಟಣದಿಂದ ಏನೂ ಪ್ರಯೋಜನ ಆಗಲಿಲ್ಲ ಅಂತ ಸಭೆಯಲ್ಲಿ ದೂರು ಬಂದದ್ದುಂಟು. ತಪ್ಪು ನಮ್ಮದೂ ಇದೆ ಅಂತ ಒಪ್ಪಿಕೊಳ್ಳುತ್ತೇವೆ. ಕಾದ ತಗಡಿನ ಕೆಳಗೆ, ಯೂರಿಯಾ ಚೀಲಗಳ ಪಕ್ಕ ಪೊಟ್ಟಣಗಳನ್ನು ಇಟ್ಟಿದ್ದೆವು. ಅದರೊಳಗೆ ಇರುವುದು ಜೀವ. ಬಿಸಿಲಿಗಿಟ್ಟರೆ ಸಾಯುತ್ತದೆ, ಅವಧಿ ಮುಗಿದರೂ ಸಾಯುತ್ತದೆ. ತಣ್ಣನೆ ಜಾಗದಲ್ಲಿಡಿ. ಆರಿದ ಬೆಲ್ಲದ ಪಾಕದಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಒಣಗಿಸಿ ಆ ದಿನವೇ ಬಿತ್ತಿ. ತೊಗರಿ, ಸೋಯಾ, ಕಡಲೆಕಾಯಿ, ಯಾವ ಬೆಳೆಗೆ ಕೊಟ್ಟದ್ದೋ ಅದಕ್ಕೇ ಬಳಸಿ. ರಾಗಿ, ಭತ್ತದ ಬೇರಲ್ಲಿ ಇದು ಗಂಟು ಕಟ್ಟೋದಿಲ್ಲ.

ಹೂಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಎತ್ತಿ, ಗಂಟು ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ. ಬೆಳ್ಳಗೆ ಅಥವಾ ಹಸಿರಾಗಿದ್ದರೆ ಇಲ್ಲ. ಸೀಳಿ ನೋಡಿದ ಮೇಲೆ ಯೂರಿಯಾದ ಲೆಕ್ಕ ಹಾಕಿ, ಕಂಡದ್ದನ್ನು ಮುಂದಿನ ಸಭೆಯಲ್ಲಿ ತಿಳಿಸಿ. ಪೊಟ್ಟಣಗಳಿಗೆ ತಣ್ಣನೆಯ ಕೋಣೆ ಒದಗಿಸುವ ಹೊಣೆ ನಮ್ಮದು.