ಹೋಮಿ ಭಾಭಾ: ಒಂದು ಬೇರು, ಹಲವು ಕವಲು

ಆಧುನಿಕ ಭಾರತದ ವಿಜ್ಞಾನಿಗಳಲ್ಲಿ ಅಗ್ರಗಣ್ಯರಾದ ಹೋಮಿ ಜಹಾಂಗೀರ್ ಭಾಭಾ ಅವರಿಗೂ ಕನ್ನಡನಾಡಿಗೂ ಇದ್ದ ನಂಟು ಅವರ ಹುಟ್ಟಿಗಿಂತ ಹಳೆಯದು. ಅವರ ಪಿತಾಮಹ ಹೊರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಮುಂಬಯಿಯಲ್ಲಿ ನ್ಯಾಯವಾದಿಯಾಗಿ ನೆಲೆಸಿದರು. ಆ ನಗರದಲ್ಲಿಯೇ 1909ರ ಅಕ್ಟೋಬರ್ 30ರಂದು ಹೋಮಿ ಜನಿಸಿದರು.

1927ರಲ್ಲಿ ಕೇಂಬ್ರಿಜ್‌ಗೆ ತೆರಳಿದ ತರುಣನು ಎಂಜಿನಿಯರನಾಗಿ ಮರಳಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯನ್ನು ಸೇರಬೇಕೆಂಬುದು ಹಿರಿಯರ ಅಭಿಲಾಷೆಯಾಗಿತ್ತು. ಮಗನ ಮನಸ್ಸಾದರೋ ಭೌತವಿಜ್ಞಾನದತ್ತ ಒಲಿದಿತ್ತು. ಎಂಜಿನಿಯರಿಂಗ್‌ನಲ್ಲಿ ಪ್ರಥಮ ಶ್ರೇಣಿ ಪಡೆದರೆ ಗಣಿತಾಧ್ಯಯನಕ್ಕೂ ನೆರವೀಯುವುದಾಗಿ ತಂದೆ ಒಪ್ಪಿದರು. 1930ರಲ್ಲಿ ಮಗ ಆ ನಿಬಂಧನೆಯನ್ನು ಪೂರೈಸಿದ. ಎಲೆಕ್ಟ್ರಾನ್ ಹಾಗೂ ಪಾಸಿಟ್ರಾನ್‌ಗಳ ಪರಸ್ಪರ ಚದರಿಕೆಯನ್ನು ಕುರಿತು ಆತ ಮಂಡಿಸಿದ ಗಣನೆ ಇಂದಿಗೂ ಭಾಭಾ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1937ರಲ್ಲಿ ಹೈಟ್ಲರ್ ಅವರೊಡಗೂಡಿ, ವಾಯುಮಂಡಲವನ್ನು ಹೊಕ್ಕ ಒಂದೇ ಕಣದಿಂದ ಅಸಂಖ್ಯ ಕಣಗಳ ಮಳೆ ಉಂಟಾಗುವ ಬಗೆಯನ್ನು ಅವರು ವಿವರಿಸಿದರು.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಯುದ್ಧ ಸ್ಫೋಟಿಸಿತು. ಕೇಂಬ್ರಿಜ್‌ನ ದಾರಿ ಮುಚ್ಚಿದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ ಅವರ ವಿಭಾಗವು ಆಶ್ರಯ ನೀಡಿತು. 1941ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ರಾಯಲ್ ಸೊಸೈಟಿಯ ಸದಸ್ಯತ್ವ ಸಂದಿತು. ಯುದ್ಧ ಮುಗಿದೊಡನೆ ಮರಳುವುದೋ, ಇಲ್ಲಿಯೇ ನಿಲ್ಲುವುದೋ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ 1944ರ ಮಾರ್ಚ್‌ನಲ್ಲಿ ಟಾಟಾ ದತ್ತಿಗೆ ಬರೆದ ಪತ್ರ. ಅದರ ಫಲವಾಗಿ 1945ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಅದೇ ವರ್ಷ ಮುಂಬಯಿಯ ಪೆಡ್ಡರ್ ರಸ್ತೆಯ ಬಂಗಲೆಯೊಂದಕ್ಕೆ ಸ್ಥಳಾಂತರಗೊಂಡಿತು. 1962ರಲ್ಲಿ ಕೊಲಾಬಾದ ಕಡಲಂಚಿನಲ್ಲಿ ಅದರ ನೂತನ ಭವನವು ಉದ್ಘಾಟನೆಗೊಂಡಿತು.

ತಮ್ಮ ಶಾಸ್ತ್ರದ ಎಲ್ಲೆಯನ್ನೇ ಸಂಸ್ಥೆಯ ಎಲ್ಲೆಯಾಗಿಸದಿದ್ದುದು ಭಾಭಾ ಅವರ ಹಿರಿಮೆ. ಯೋಗ್ಯ ವ್ಯಕ್ತಿ ದೊರೆತರೆ ಆತನ ಸುತ್ತ ಹೊಸ ಶಾಖೆಯನ್ನು ಬೆಳೆಸುವುದು ಅವರ ಪದ್ಧತಿ. ಬರ್ನಾರ್ಡ್ ಪೀಟರ್ಸ್ ಮತ್ತು ದೇವೇಂದ್ರ ಲಾಲ್ ಅವರು ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ಬೆರಿಲಿಯಂ-10ರ ನೆರವಿನಿಂದ ಸಾಗರತಳದ ಮಡ್ಡಿಯ ವಯಸ್ಸನ್ನು ಅಳೆಯಲೆಳಸಿದರು. ಲಾಲ್ ಅವರನ್ನು ಆ ಮಾರ್ಗವು ಮುಂದೆ ಉಲ್ಕಾಶಿಲೆ, ಚಂದ್ರಶಿಲೆಗಳ ಅಧ್ಯಯನದವರೆಗೆ ಕರೆದೊಯ್ದಿತು. 1962ರಲ್ಲಿ ಬಂದ ಒಬೈದ್ ಸಿದ್ದೀಕಿ ಅಣುಜೀವವಿಜ್ಞಾನವನ್ನು ನೆಲೆಗೊಳಿಸಿದರು. ಮರುವರ್ಷ ಬಂದ ಗೋವಿಂದ ಸ್ವರೂಪ್, ಮುಂಬಯಿಗೆ ಸಮೀಪದ ಕಲ್ಯಾಣದಲ್ಲಿ 32 ಆಂಟೆನಾಗಳನ್ನು ನಿಲ್ಲಿಸಿ ಸೂರ್ಯನ ರೇಡಿಯೋ ತರಂಗಗಳನ್ನು ಪರಿಶೀಲಿಸಿದರು. ನಂಜನಗೂಡಿನ ಬಿ. ವಿ. ಶ್ರೀಕಂಠನ್ 1951ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಇಳಿದು ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು. 1965ರಲ್ಲಿ ಅದೇ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಸಹಯೋಗದಲ್ಲಿ, ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೋಗಳ ಸುಳಿವು ದೊರೆಯಿತು.

1966ರ ಜನವರಿ 24ರಂದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರದ ಬಳಿ ಸಂಭವಿಸಿದ ವಿಮಾನ ದುರಂತದಲ್ಲಿ ಭಾಭಾ ಅಸುನೀಗಿದರು. ಆಗ ಅವರಿಗೆ ಐವತ್ತಾರು ವರ್ಷ. ಒಬ್ಬ ವ್ಯಕ್ತಿಯನ್ನೇ ನೆಚ್ಚಿ ಬೆಳೆದ ಸಂಸ್ಥೆಯು ಆತನೊಡನೆ ಕುಸಿಯುವ ಭಯ ಸಹಜವಾದುದು. ಆದರೆ ಅವರು ನೆಟ್ಟ ಕವಲುಗಳು ತಮ್ಮದೇ ಬೇರು ಬಿಟ್ಟಿದ್ದವು. ಸಿದ್ದೀಕಿಯವರ ಕಾರ್ಯವು 1990ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಗಿ ರೂಪುಗೊಂಡಿತು. ಬೆಂಗಳೂರಿನಲ್ಲಿ ಮೊಳೆತು ಮುಂಬಯಿಯಲ್ಲಿ ಬೆಳೆದ ವೃಕ್ಷವು ಹೀಗೆ ಮೊದಲ ನೆಲಕ್ಕೇ ಬಿಳಲನ್ನು ಇಳಿಸಿತು.